ಅರ್ಧ ಎಚ್.ಪಿ. ಲೆಕ್ಕ

ಶನಿವಾರ ಸಂಜೆ ವಾಲ್ಮಿರ್ ದೋನಾ ಇರಾಸಿಯ ಅಡುಗೆಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಫ್ರೀಜರಿನ ಹಿಂದೆ ಗುಂಯ್ಗುಡುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ಬೆಳಕಿಗೆ ಎಳೆದ. ಬೂದು ಬಣ್ಣದ ಕಬ್ಬಿಣದ ಡಬ್ಬಿ, ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮುಟ್ಟಿದರೆ ಬೆಚ್ಚಗೆ. ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಅಂಕಿ ಕಾಣಿಸಿತು.

"ನೋಡಿ, ಸಾವಿರ ಅಂತ ಬರ್ದಿದೆ," ಎಂದ. "ನನ್ನ ಮಿಕ್ಸರ್ ಅರ್ಧ ಎಚ್.ಪಿ. ಒಂದು ಎಚ್.ಪಿ. ಅಂದ್ರೆ ಏಳ್ನೂರ ನಲವತ್ತು ವ್ಯಾಟ್. ಅರ್ಧ ಅಂದ್ರೆ ಮುನ್ನೂರ ಎಪ್ಪತ್ತು. ಸಾವಿರದಲ್ಲಿ ಅದನ್ನ ಕಳೀರಿ. ಅರ್ಧಕ್ಕಿಂತ ಜಾಸ್ತಿ ಸುಮ್ನೆ ಕೂತಿರುತ್ತೆ."

"ನನಗೆ ಕಳೆಯೋದು ಕೂಡೋದು ಬೇಡಪ್ಪಾ. ಸುಡುತ್ತೋ ಇಲ್ವೋ ಅಷ್ಟು ಹೇಳು."

"ಸುಡಲ್ಲ."

"ಫ್ರೀಜರ್?"

"ಮುಚ್ಚಳ ತೆಗೀಬೇಡಿ, ಅಷ್ಟೇ. ಬೆಳಿಗ್ಗೆ ತಗೊಂಡು ಹೋಗಿ ಊಟದ ಹೊತ್ತಿಗೆ ತಂದು ಹಾಕ್ತೀನಿ. ಅಷ್ಟರಲ್ಲಿ ಏನೂ ಕರಗಲ್ಲ."

ದೋನಾ ಇರಾಸಿ ಫ್ರೀಜರಿನ ಮುಚ್ಚಳದ ಮೇಲೆ ಕೈಯೂರಿ ನಿಂತಿದ್ದಳು. ಒಳಗೆ ಗುರುವಾರದಿಂದ ಕಟ್ಟಿಟ್ಟ ದುದುಗಳಿದ್ದವು. ಬೆರಳಿನಷ್ಟು ಅಗಲದ ಉದ್ದನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಹೆಪ್ಪುಗಟ್ಟಿದ ತೆಂಗಿನ ಹಾಲು, ಮಂಗಾಬಾ ಹಣ್ಣಿನ ರಸ, ಕಡಲೆಕಾಯಿ ಹಾಲು. ಸೋಮವಾರ ಶಾಲೆ ಶುರು. ಮಕ್ಕಳು ಮೆಟ್ಟಿಲು ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಅವಳ ಕಿಟಕಿಯ ಮುಂದೆ ನಿಲ್ಲುತ್ತಾರೆ. ರಜೆಯ ಎರಡು ತಿಂಗಳು ಖಾಲಿ ಕೂತವಳಿಗೆ ವರ್ಷದ ಒಳ್ಳೆಯ ವಾರ ಅದೇ.

ಸಾವೊ ಪಾಲೊದಲ್ಲಿ ಮನೆಗೆ ಬರುವ ಕರೆಂಟು ನೂರಹತ್ತು ವೋಲ್ಟ್. ಇಲ್ಲಿ ರೆಸೀಫೆಯಲ್ಲಿ ಇನ್ನೂರಿಪ್ಪತ್ತು. ಸಾವೊ ಪಾಲೊಗೆ ದುಡಿಯಲು ಹೋದವರು ಕಳಿಸಿದ ಫ್ರಿಜ್ಜು, ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲವೂ ಈ ಗುಡ್ಡಕ್ಕೆ ಇಂಥದೊಂದು ಡಬ್ಬಿಯ ಜೊತೆಯೇ ಬರಬೇಕು. ಇಲ್ಲದಿದ್ದರೆ ಮೊದಲ ದಿನವೇ ಸುಟ್ಟುಹೋಗುತ್ತವೆ. ದೋನಾ ಇರಾಸಿಯ ಫ್ರೀಜರ್ ಅವಳ ಮಗ ಕಳಿಸಿದ್ದು. ಡಬ್ಬಿ ಅವಳ ಗಂಡ ಸಾಯುವ ಮೊದಲು ಕೊಂಡದ್ದು.

"ನೀನು ಅಲ್ಲಿ ಕರೆಂಟಿನ ಕೆಲಸದಲ್ಲೇ ಇದ್ದೆ ಅಲ್ವಾ?" ಎಂದು ಕೇಳಿದಳು.

"ಹೂಂ."

"ಜೊಸೆಲ್ಮಾ ಯಾವಾಗ್ಲೂ ಹೇಳ್ತಿದ್ಲು. ನಮ್ಮಣ್ಣನ ಕೈಕೆಳಗೆ ಜನ ಇದ್ದಾರೆ ಅಂತ. ಸರಿ ತಗೊಂಡು ಹೋಗು."

ವಾಲ್ಮಿರನ ಕೈಕೆಳಗೆ ಯಾರೂ ಇರಲಿಲ್ಲ. ಸಾವೊ ಪಾಲೊದಲ್ಲಿ ಇದ್ದಷ್ಟು ವರ್ಷವೂ ಅವನು ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಗಾಜಿನ ಗೂಡಿನಲ್ಲಿ ಕೂತು, ಬಂದವರ ಹೆಸರು ಕೇಳಿ, ಗುಂಡಿ ಒತ್ತಿ ಗೇಟು ತೆಗೆಯುತ್ತಿದ್ದ. ಮೊದಲ ವರ್ಷ ತಂಗಿ ಜೊಸೆಲ್ಮಾ ಫೋನಿನಲ್ಲಿ ಏನು ಕೆಲಸ ಎಂದು ಕೇಳಿದಾಗ, ಆ ದಿನ ಗೂಡಿನ ಮುಂದೆ ವೈರು ಎಳೆಯುತ್ತಿದ್ದವನನ್ನು ನೋಡಿ, ಕರೆಂಟಿನ ಕೆಲಸ ಎಂದಿದ್ದ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಂದರ್ಭ ಬರಲಿಲ್ಲ. ಅಪಾರ್ಟ್‌ಮೆಂಟಿನವರು ಗೇಟಿಗೆ ಯಂತ್ರ ಹಾಕಿಸಿ ಅವನನ್ನು ಕಳಿಸಿದಾಗ, ಬರಿಗೈಲಿ ಬರಬಾರದೆಂದು ಒಬ್ಬ ಮೇಸ್ತ್ರಿಯಿಂದ ಹಳೆಯ ಸಣ್ಣ ಕಾಂಕ್ರೀಟ್ ಮಿಕ್ಸರ್ ಕೊಂಡು, ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಹಾಕಿಸಿಕೊಂಡು ಬಂದ.

ಮಾರುವಾಗ ಆ ಮೇಸ್ತ್ರಿ ಎರಡು ಮಾತು ಹೇಳಿದ್ದ. ನಿಮ್ಮೂರಲ್ಲಿ ಇದನ್ನು ನೇರ ಗೋಡೆಗೆ ಚುಚ್ಚಬೇಡ, ಇದು ನೂರಹತ್ತರದು. ಮತ್ತೆ, ಡ್ರಮ್ಮಿನ ಹೊಟ್ಟೆ ಖಾಲಿ ಇರುವಾಗಲೇ ಶುರು ಮಾಡು. ಮೋಟಾರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಎಳೆಯುತ್ತೆ, ಹೊಟ್ಟೆ ತುಂಬಿದ್ದರೆ ಆ ಎಳೆತ ನಿಲ್ಲೋದೇ ಇಲ್ಲ.

ಎರಡನೆಯ ಮಾತು ವಾಲ್ಮಿರನಿಗೆ ದೋನಾ ಇರಾಸಿಯ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾಗಲೇ ನೆನಪಾಗಿತ್ತು. ಮುನ್ನೂರ ಎಪ್ಪತ್ತನ್ನು ಮನಸ್ಸಿನಲ್ಲೇ ಗುಣಿಸತೊಡಗಿದ. ಮೂರು ಪಟ್ಟಿಗೇ ಸಾವಿರ ದಾಟಿತು. ಅಲ್ಲಿಗೆ ಗುಣಿಸುವುದನ್ನು ನಿಲ್ಲಿಸಿದ. ಖಾಲಿ ಹೊಟ್ಟೆಯಲ್ಲಿ ಒಂದು ಸಲ ಶುರು ಮಾಡಿದರಾಯಿತು, ಒಂದು ಗಳಿಗೆಯ ಮಾತು ಎಂದುಕೊಂಡ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಕೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಯುವಿನ ಮನೆಗೆ ತಾರಸಿಯ ಮೋಲ್ಡ್. ಬಿಯು ಜೊಸೆಲ್ಮಾಳ ಗಂಡ. ಈ ಗುಡ್ಡದಲ್ಲಿ ಯಾರ ಮನೆಗೆ ಮೋಲ್ಡ್ ಹಾಕಿದರೂ ಕೂಲಿಯವರನ್ನು ಕರೆಯುವ ಪದ್ಧತಿಯಿಲ್ಲ. ಓಣಿಯವರೆಲ್ಲ ತಮ್ಮ ತಮ್ಮ ಸಲಿಕೆ ತಂದು ನಿಲ್ಲುತ್ತಾರೆ, ಮನೆಯವರು ಊಟ ಹಾಕುತ್ತಾರೆ, ಮುಂದಿನ ಸಲ ಇವರು ಅವರ ಮನೆಗೆ ಹೋಗುತ್ತಾರೆ. ಒಂದೇ ಕಟ್ಟುನಿಟ್ಟು: ಶುರು ಮಾಡಿದ ಮೇಲೆ ನಿಲ್ಲಿಸಬಾರದು. ನಡುವೆ ನಿಂತರೆ ಹಳೆಯ ಕಾಂಕ್ರೀಟು ಹೊಸದಕ್ಕೆ ಹಿಡಿಯುವುದಿಲ್ಲ, ಆ ಗೆರೆಯಲ್ಲೇ ಮುಂದೆ ನೀರು ಸೋರುತ್ತದೆ. ಇಲ್ಲಿ ತನಕ ಎಲ್ಲವನ್ನೂ ಕೈಯಲ್ಲೇ ಕಲಸುತ್ತಿದ್ದರು. ಮಿಕ್ಸರ್ ಬಂದದ್ದು ಇದೇ ಮೊದಲು. ಬಿಯು ಈ ಮೋಲ್ಡ್ ಹಾಕಿಸುತ್ತಿದ್ದುದು ಮೇಲೆ ಹೆಂಡತಿಯ ಅಣ್ಣನಿಗೊಂದು ಕೋಣೆ ಕಟ್ಟಲು.

ವಾಲ್ಮಿರ್ ಮಿಕ್ಸರನ್ನು ಮನೆಯ ಮುಂದೆ ಓಣಿಯಲ್ಲಿ ನಿಲ್ಲಿಸಿ, ಡಬ್ಬಿಯನ್ನು ಒಂದು ಸ್ಟೂಲಿನ ಮೇಲಿಟ್ಟು, ವೈರುಗಳನ್ನು ಜೋಡಿಸುತ್ತಿದ್ದ. ಸಲಿಕೆಗಳನ್ನು ಗೋಡೆಗೆ ಒರಗಿಸಿಕೊಂಡು ಎಲ್ಲರೂ ಸುತ್ತ ನಿಂತರು.

"ಏನಪ್ಪಾ ಪಾಲಿಸ್ತ," ಎಂದ ಬಿಯು. ಸಾವೊ ಪಾಲೊದಿಂದ ಬಂದ ಮೇಲೆ ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. "ನಮ್ಮೂರ ಕರೆಂಟು ನಿನ್ನ ಮಿಕ್ಸರಿಗೆ ಖಾರ ಆಗುತ್ತಂತೆ? ಅದಕ್ಕೇ ಈ ಡಬ್ಬೀಲಿ ನೀರು ಬೆರೆಸಿ ಕುಡಿಸ್ತಾ ಇದ್ದೀಯಾ?"

"ನಿನ್ನ ಹೆಂಡತಿ ನಿನಗೆ ಕಾಪಿ ಕುಡಿಸೋ ಹಾಗೆ," ಎಂದ ದೆದೆ. ದೆದೆ ಓಣಿಯ ಮೇಸ್ತ್ರಿ. ಮೋಲ್ಡ್ ಅವನ ಉಸ್ತುವಾರಿಯಲ್ಲೇ ನಡೆಯಬೇಕು.

"ಅವಳು ನೀರೂ ಹಾಕಲ್ಲ ಕಣೋ. ಕಾಪಿ ಪುಡಿ ಡಬ್ಬ ತೋರಿಸ್ತಾಳೆ, ನಾನು ವಾಸನೆ ತಗೊಂಡು ಕೆಲಸಕ್ಕೆ ಹೋಗ್ತೀನಿ."

ಒಳಗಿಂದ ಜೊಸೆಲ್ಮಾ, "ಇವತ್ತು ನಿನ್ನ ತಟ್ಟೇಲೂ ವಾಸನೇನೇ ಬಡಿಸ್ತೀನಿ ಇರು," ಎಂದಳು. ಎಲ್ಲರೂ ನಕ್ಕರು.

ಯಾರಿಗಾದರೂ ಬೈಯಬೇಕೆಂದರೆ ಬಿಯು ಸಿಗುತ್ತಿದ್ದ. ಕೊಳಾಯಿ ಕೆಟ್ಟರೆ ಬಿಯು ಮುಟ್ಟಿರಬೇಕು, ನಾಯಿ ಕುಂಟಿದರೆ ಬಿಯು ಕಲ್ಲು ಎಸೆದಿರಬೇಕು. ಅವನೂ ಹೌದೌದು ನಾನೇ ಎಂದು ಇನ್ನೊಂದು ಸೇರಿಸಿ ಹೇಳುತ್ತಿದ್ದ.

"ಒಂದು ಮಾತು," ಎಂದ ವಾಲ್ಮಿರ್. "ಸ್ವಿಚ್ ನಾನು ಬಿಟ್ಟು ಇನ್ಯಾರೂ ಮುಟ್ಟಬಾರದು."

"ಮುಟ್ಟೋರು ಯಾರಪ್ಪಾ. ನಮ್ಮ ಸಲಿಕೆಗೆ ಸ್ವಿಚ್ ಇಲ್ಲ," ಎಂದ ದೆದೆ.

ವಾಲ್ಮಿರ್ ಖಾಲಿ ಡ್ರಮ್ಮಿನಲ್ಲಿ ಶುರು ಮಾಡಿದ. ಡಬ್ಬಿ ಒಮ್ಮೆ ಗುಟುರು ಹಾಕಿ, ಆಮೇಲೆ ಸಮನಾಗಿ ಗುಂಯ್ಗುಟ್ಟತೊಡಗಿತು. ಡ್ರಮ್ಮು ತಿರುಗಿತು. ಚಪ್ಪಾಳೆ ಬಿತ್ತು. ಜೊಸೆಲ್ಮಾ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು, ಎದುರುಮನೆಯವಳಿಗೆ ಕಾಣುವ ಹಾಗೆ ಅಣ್ಣನನ್ನು ನೋಡಿ ನಕ್ಕಳು.

ಕೆಲಸ ಓಡಿತು. ಬಿಯು ಜಲ್ಲಿ, ಮರಳು, ಸಿಮೆಂಟು ಸುರಿಯುವ ಕಡೆ ನಿಂತ. ಡ್ರಮ್ಮು ಬಗ್ಗಿಸಿದಾಗ ಬಿದ್ದ ಕಾಂಕ್ರೀಟನ್ನು ತಗಡಿನ ಡಬ್ಬಗಳಲ್ಲಿ ತುಂಬಿ, ಹೆಗಲ ಮೇಲೆ ಹೊತ್ತು, ಏಣಿಯ ಮೇಲೆ ಕೈಯಿಂದ ಕೈಗೆ ದಾಟಿಸಿದರು. ಮೇಲೆ ದೆದೆ ಹಲಗೆಯಿಂದ ಎಳೆದು ಮಟ್ಟ ಮಾಡುತ್ತಿದ್ದ. ಕೈಯಲ್ಲಿ ಕಲಸಿದ್ದರೆ ಆಗುತ್ತಿದ್ದುದರ ಎರಡರಷ್ಟು ವೇಗ. ವಾಲ್ಮಿರ್ ಸ್ಟೂಲಿನ ಪಕ್ಕ ನಿಂತು, ಆಗಾಗ ಡಬ್ಬಿಯ ಮೇಲೆ ಅಂಗೈಯಿಟ್ಟು ನೋಡುತ್ತಿದ್ದ. ಬಿಸಿಯಾಗುತ್ತಿತ್ತು, ಆದರೆ ಕೈ ಇಡಲಾಗದಷ್ಟಲ್ಲ. ಡ್ರಮ್ಮು ಒಂದು ಕ್ಷಣವೂ ನಿಲ್ಲದ ಹಾಗೆ ನೋಡಿಕೊಂಡ.

ಮುಕ್ಕಾಲು ಪಾಲು ಮುಗಿದಾಗ ಸೆವ್ ಅಮಾರೊ ಬಂದ. ಓಣಿಯ ಸಂಘದ ಅಧ್ಯಕ್ಷ, ಇಸ್ತ್ರಿ ಹಾಕಿದ ಅಂಗಿ. ಸಲಿಕೆ ತಂದಿರಲಿಲ್ಲ. ಮಿಕ್ಸರನ್ನು ಸುತ್ತು ಹಾಕಿ ನೋಡಿ, ಡಬ್ಬಿಯತ್ತ ಬೆರಳು ತೋರಿಸಿ ಏನೋ ಕೇಳಿದ. ಡ್ರಮ್ಮಿನ ಸದ್ದಿನಲ್ಲಿ ಕೇಳಿಸಲಿಲ್ಲ. ವಾಲ್ಮಿರ್ ಕಿವಿಗೆ ಕೈಯಿಟ್ಟ. ಸೆವ್ ಅಮಾರೊ ಮತ್ತೆ ಕೂಗಿದ. "ಇದು ಹೆಂಗೆ ಲೆಕ್ಕ ಹಾಕ್ದೆ ಅಂತ."

ಜೊಸೆಲ್ಮಾ ಬಾಗಿಲಲ್ಲಿ ನಿಂತಿದ್ದಳು. ಏಣಿಯ ಮೇಲಿದ್ದವರೂ ಇತ್ತಲೇ ನೋಡುತ್ತಿದ್ದರು. ವಾಲ್ಮಿರ್ ಕೈ ಚಾಚಿ ಸ್ವಿಚ್ ಆರಿಸಿದ.

ಓಣಿ ಮೌನವಾಯಿತು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: ಒಂದು ಎಚ್.ಪಿ. ಅಂದರೆ ಏಳ್ನೂರ ನಲವತ್ತು, ಅರ್ಧ ಅಂದರೆ ಮುನ್ನೂರ ಎಪ್ಪತ್ತು, ಡಬ್ಬಿ ಸಾವಿರದ್ದು, ಮೊದಲು ವೋಲ್ಟ್ ನೋಡಬೇಕು, ಆಮೇಲೆ ವ್ಯಾಟ್ ನೋಡಬೇಕು, ಬರೀ ವೋಲ್ಟ್ ಕೂಡಿಬಂದರೆ ಸಾಲದು. ಸೆವ್ ಅಮಾರೊ ತಲೆದೂಗಿದ. "ಕಲಿತ ಕೈ," ಎಂದ. ಬಿಯು ಅಷ್ಟರಲ್ಲಿ, ತನ್ನ ಕೆಲಸ ತಾನು ಮಾಡುತ್ತ, ಅರ್ಧ ತುಂಬಿದ್ದ ಡ್ರಮ್ಮಿಗೆ ಇನ್ನೊಂದು ಡಬ್ಬ ಜಲ್ಲಿ ಸುರಿದ. ಅದು ಆ ಸಲದ ಕೊನೆಯ ಡಬ್ಬ, ಹಾಕಬೇಕಾದದ್ದೇ.

ವಾಲ್ಮಿರ್ ಸ್ವಿಚ್ ಹಾಕಿದ.

ಡ್ರಮ್ಮು ಅಲುಗಲಿಲ್ಲ. ಮೋಟಾರು ಗುಂಯ್ ಎಂದಿತು, ಡಬ್ಬಿ ಅದಕ್ಕಿಂತ ಜೋರಾಗಿ ನಡುಗಿತು. ಆರಿಸಬೇಕೆಂದು ಅವನಿಗೆ ಗೊತ್ತಾಯಿತು. ಸೆವ್ ಅಮಾರೊ ನೋಡುತ್ತಿದ್ದ. ಈಗ ತಿರುಗಬಹುದು, ಈಗ ತಿರುಗಬಹುದು ಎಂದು ಅವನ ಬೆರಳು ಸ್ವಿಚ್ಚಿನ ಮೇಲೇ ನಿಂತಿತು. ಸುಟ್ಟ ವಾರ್ನಿಶಿನ ವಾಸನೆ ಬಂತು, ಡಬ್ಬಿಯ ಕಿಂಡಿಗಳಿಂದ ಬಿಳಿ ಹೊಗೆ ಎದ್ದಿತು, ಆಮೇಲೆ ಎಲ್ಲ ಸದ್ದೂ ಒಟ್ಟಿಗೆ ನಿಂತಿತು.

ಎಲ್ಲರೂ ನೋಡಿದಾಗ ಕಂಡದ್ದು, ಖಾಲಿ ಜಲ್ಲಿ ಡಬ್ಬ ಕೈಯಲ್ಲಿ ಹಿಡಿದು ಡ್ರಮ್ಮಿನ ಬಾಯಿಯ ಮುಂದೆ ನಿಂತ ಬಿಯು.

"ಎಷ್ಟು ತುಂಬ್ದೆಯೋ?" ಎಂದು ಮೇಲಿಂದ ದೆದೆ ಕೇಳಿದ.

"ಎಂದಿನಷ್ಟೇ."

"ಎಂದಿನಷ್ಟೇ ಆಗಿದ್ರೆ ಯಾಕೋ ಸಾಯುತ್ತೆ? ಇಷ್ಟು ಹೊತ್ತು ಓಡಿಲ್ವಾ? ಎತ್ತಿನ ಬಾಯಿಗೆ ಹುಲ್ಲು ತುರುಕೋ ಹಾಗೆ ತುರುಕಿದೀಯ."

"ಬಿಯು ಕೈ ಇಟ್ಟ ಅಂದ್ರೆ ಮುಗೀತು," ಎಂದ ಏಣಿಯ ಮೇಲಿದ್ದವನೊಬ್ಬ.

"ಹೌದಪ್ಪಾ, ನಾನೇ," ಎಂದ ಬಿಯು. "ಹೋದ ವರ್ಷ ಸೇತುವೆ ಬಿದ್ದಿದ್ದೂ ನಾನು ಒರಗಿ ನಿಂತಿದ್ದಕ್ಕೇನೇ." ನಗು ಬಂತು. ಆದರೆ ಅವನು ಹೇಳುತ್ತ ಹೇಳುತ್ತ ಡ್ರಮ್ಮಿನೊಳಗೆ ಬಗ್ಗಿ ನೋಡಿದ. ಆಮೇಲೆ ಸ್ಟೂಲಿನ ಮೇಲಿನ ಡಬ್ಬಿಯನ್ನು ನೋಡಿದ. ಯಾರ ಡಬ್ಬಿ ಎಂಬುದು ಅವನಿಗೆ ಆಗ ನೆನಪಾದಂತಿತ್ತು.

ಸೆವ್ ಅಮಾರೊ ವಾಲ್ಮಿರನ ಭುಜ ತಟ್ಟಿದ. "ನೀನೇನು ಮಾಡ್ತೀಯ. ಲೆಕ್ಕ ಗೊತ್ತಿಲ್ಲದೋರ ಕೈಗೆ ಯಂತ್ರ ಕೊಟ್ರೆ ಹಿಂಗೇ."

ಆಗ ಹೇಳಬಹುದಿತ್ತು. ತುಂಬಿದ ಹೊಟ್ಟೆಯಲ್ಲಿ ನಿಲ್ಲಿಸಿದ್ದು ನಾನು, ಹಾಕಿದ್ದೂ ನಾನು. ಎರಡು ಮಾತು. ವಾಲ್ಮಿರ್ ಬಾಯಿ ತೆರೆದು, "ನಿಲ್ಲಿಸೋದು ಬೇಡ, ಕೈಯಲ್ಲೇ ಕಲಸೋಣ," ಎಂದ.

ಉಳಿದದ್ದನ್ನು ಕೈಯಲ್ಲೇ ಕಲಸಿದರು. ಡ್ರಮ್ಮಿನಲ್ಲಿದ್ದದ್ದನ್ನು ಸಲಿಕೆಯಿಂದ ಕೆರೆದು ನೆಲಕ್ಕೆ ಹಾಕಿ, ನೀರು ಸೇರಿಸಿ, ಬಿಸಿಲಲ್ಲಿ ಬಗ್ಗಿ ಬಗ್ಗಿ ಮಗುಚಿದರು. ಮುಗಿದೇ ಹೋಯಿತು ಎಂದು ಮೈ ಸಡಿಲ ಬಿಟ್ಟಿದ್ದವರು ಮತ್ತೆ ಮೈ ಬಗ್ಗಿಸಬೇಕಾಯಿತು. ಬೈಗುಳವೆಲ್ಲ ಬಿಯುವಿಗೇ. "ನಿಮ್ಮ ಮನೆ ಬೀನ್ಸಿನಲ್ಲಿ ಮಾಂಸ ಕಡಿಮೆ ಇದ್ರೆ ನೋಡ್ಕೊಳ್ತೀನಿ," "ನಿನ್ನ ಮಗನ ಮದುವೇಲಿ ನಿನ್ನನ್ನ ಕಟ್ಟಿಹಾಕಿ ಊಟ ಮಾಡ್ತೀವಿ." ಮೊದಮೊದಲು ಬಿಯು ಉತ್ತರ ಕೊಟ್ಟ. ಆಮೇಲೆ ಕೊಡಲಿಲ್ಲ. ಎಲ್ಲರಿಗಿಂತ ಹೆಚ್ಚು ಸಲಿಕೆ ಎತ್ತಿದ. ಅವನ ಪಕ್ಕದಲ್ಲೇ ವಾಲ್ಮಿರ್ ಕಲಸುತ್ತಿದ್ದ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಅಷ್ಟು ನೋವಾದರೂ ಆಗುತ್ತಿದೆಯಲ್ಲ ಎಂದು ಅವನಿಗೆ ಸಮಾಧಾನ ಬಂತು; ಆ ಸಮಾಧಾನಕ್ಕೇ ಮತ್ತೆ ನಾಚಿಕೆಯಾಯಿತು.

ಹಿಂದಿನ ಗೆರೆ ಗಟ್ಟಿಯಾಗುವ ಮೊದಲೇ ಕೊನೆಯ ಮೂಲೆ ಮುಗಿಯಿತು. ದೆದೆ ಹಲಗೆ ಎಳೆದು, ಸೋರಲ್ಲ ಎಂದ. ಊಟದ ಹೊತ್ತು ಎಂದೋ ಮೀರಿತ್ತು. ಓಣಿಯಲ್ಲಿ ಹಲಗೆ ಹಾಸಿ ತಟ್ಟೆ ಇಡತೊಡಗಿದರು. ಜೊಸೆಲ್ಮಾ ದೋನಾ ಇರಾಸಿಯ ಮನೆಗೆ ಹೋಗಿ ಬಂದು, ತಟ್ಟೆ ಎಣಿಸುತ್ತಿದ್ದ ಗಂಡನ ಮುಂದೆ ನಿಂತಳು.

"ಮೇಲಿನ ಸಾಲು ಕರಗೋಕೆ ಶುರುವಾಗಿದೆ. ಅವಳು ಮುಚ್ಚಳದ ಮೇಲೆ ಕಂಬಳಿ ಹೊದಿಸಿಕೊಂಡು ಕೂತಿದ್ದಾಳೆ. ನನ್ನ ಮುಖ ನೋಡಿ ಏನೂ ಅನ್ನಲಿಲ್ಲ ಬಿಯು. ಬೈದಿದ್ರೆ ಚೆನ್ನಾಗಿತ್ತು."

ಬಿಯು ಒಳಗೆ ಹೋದ. ಫ್ರಿಜ್ಜಿನಲ್ಲಿದ್ದ ಬಿಯರು, ಮಾಂಸ, ನೀರಿನ ಬಾಟಲಿ ಎಲ್ಲ ತೆಗೆದು ನೆಲದ ಮೇಲಿಟ್ಟ. ಅದರ ಪ್ಲಗ್ ಕಿತ್ತ.

"ಏನು ಮಾಡ್ತಿದೀಯ?" ಎಂದಳು ಜೊಸೆಲ್ಮಾ.

"ಇದು ಇಲ್ಲೀದು. ಡಬ್ಬಿ ಗಿಬ್ಬಿ ಬೇಕಾಗಿಲ್ಲ. ಅವಳ ಮನೇಲಿ ಹಾಕಿದ್ರೆ ಅರ್ಧ ಆದ್ರೂ ಉಳಿಯುತ್ತೆ. ಪಾಲಿಸ್ತ, ಆ ಕಡೆ ಹಿಡ್ಕೋ."

ದೋನಾ ಇರಾಸಿಯ ಮನೆ ಕೆಳಗೆ, ಮೆಟ್ಟಿಲು ತಿರುಗುವ ಕಡೆ. ಇಬ್ಬರು ಎದುರುಬದುರು ದಾಟಿದರೆ ಮೈ ತಾಕುವಷ್ಟು ಇಕ್ಕಟ್ಟಿನ ದಾರಿ. ಬಿಯು ಕೆಳಗಿನ ತುದಿ ಹಿಡಿದು ಹಿಂದೆ ಹಿಂದೆ ಇಳಿದ. ಭಾರವೆಲ್ಲ ಅವನ ಎದೆಯ ಮೇಲೆ. ವಾಲ್ಮಿರ್ ಮೇಲಿನ ತುದಿ ಹಿಡಿದಿದ್ದ. ಫ್ರಿಜ್ಜಿನ ಅಂಚಿನ ಮೇಲೆ ಬಿಯುವಿನ ಹಣೆ, ಕಣ್ಣು ಮಾತ್ರ ಕಾಣುತ್ತಿದ್ದವು.

ಕಿಟಕಿಯೊಂದರಿಂದ ಹೆಂಗಸೊಬ್ಬಳು, "ಬಿಯು, ಅದನ್ನೂ ಸುಡೋಕೆ ತಗೊಂಡು ಹೋಗ್ತಿದೀಯೇನೋ?" ಎಂದಳು.

"ಎಡಕ್ಕೆ," ಎಂದ ಬಿಯು, ಅಷ್ಟೇ. "ಇಲ್ಲಿ ಮೆಟ್ಟಿಲು ಒಡೆದಿದೆ. ನಿಧಾನ."

ವಾಲ್ಮಿರ್ ಎರಡು ಸಲ ಹೇಳಲು ಹೊರಟ. ಒಮ್ಮೆ ಕೈ ಜಾರಿತು. ಇನ್ನೊಮ್ಮೆ, ಇವನು ಈಗ ಇಷ್ಟು ಭಾರ ಹೊತ್ತಿರುವಾಗ ಹೇಳುವುದೇ ಎಂದು ತನಗೇ ಒಂದು ನೆಪ ಕೊಟ್ಟುಕೊಂಡ. ಅದು ನೆಪವೆಂದು ಗೊತ್ತಿದ್ದೂ ಅದನ್ನೇ ಹಿಡಿದುಕೊಂಡು ಕೆಳಗಿನ ತಿರುವಿನ ತನಕ ಇಳಿದ.

ದೋನಾ ಇರಾಸಿ ಕಂಬಳಿಯ ಮೇಲೆ ಕೂತಿದ್ದವಳು ಎದ್ದು ಜಾಗ ಬಿಟ್ಟಳು. ಫ್ರಿಜ್ಜನ್ನು ಗೋಡೆಗೆ ತಾಗಿಸಿ ಬಿಯು ಪ್ಲಗ್ ಚುಚ್ಚಿದ. ಬೆಳಕು ಹತ್ತಿತು. ಅವನು ಬೆವರು ಒರೆಸಿಕೊಳ್ಳಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ದೋನಾ ಇರಾಸಿ, ತಪ್ಪಾಯ್ತು," ಎಂದ. "ನಾನು ಅಳತೆಗೆ ಸರಿಯಾಗೇ ಹಾಕ್ತಿದೀನಿ ಅಂದ್ಕೊಂಡಿದ್ದೆ. ಬಹುಶಃ ಎಲ್ಲೋ ಒಂದು ಡಬ್ಬ ಜಾಸ್ತಿ ಬಿತ್ತು. ಮಾತಾಡ್ತಾ ಸುರೀತೀನಿ ನಾನು. ಲೆಕ್ಕ ತಪ್ಪಿರಬೇಕು. ನಿಮಗೆ ಡಬ್ಬಿ ತಂದುಕೊಡೋ ತನಕ ಫ್ರಿಜ್ ಇಲ್ಲೇ ಇರಲಿ."

ಅವನ ದನಿಯಲ್ಲಿ ಒಂದು ಎಳೆಯಷ್ಟೂ ತಮಾಷೆಯಿರಲಿಲ್ಲ. ಬಿಯು ಹೀಗೆ ಮಾತಾಡಿದ್ದನ್ನು ವಾಲ್ಮಿರ್ ಕೇಳಿರಲಿಲ್ಲ. ಇಷ್ಟು ಹೊತ್ತು ಬಿಯುವಿಗೆ ನಿಜ ಗೊತ್ತಿದೆ, ಗೊತ್ತಿದ್ದೂ ತನ್ನನ್ನು ಕಾಯುತ್ತಿದ್ದಾನೆ ಎಂದು ಅವನು ನಂಬಿಕೊಂಡಿದ್ದ. ಬಿಯುವಿಗೆ ಗೊತ್ತಿರಲಿಲ್ಲ. ತನ್ನದೇ ತಪ್ಪೆಂದು ಒಪ್ಪಿಕೊಂಡಿದ್ದ.

"ಇವನದಲ್ಲ," ಎಂದ ವಾಲ್ಮಿರ್.

ಇಬ್ಬರೂ ಅವನತ್ತ ನೋಡಿದರು.

"ಡ್ರಮ್ಮು ತುಂಬಿರುವಾಗ ನಿಲ್ಲಿಸಿದ್ದು ನಾನು. ತುಂಬಿದ್ದಾಗ್ಲೇ ಮತ್ತೆ ಹಾಕಿದೆ. ಶುರುವಾಗೋವಾಗ ಮೋಟಾರು ಐದಾರು ಪಟ್ಟು ಎಳೆಯುತ್ತೆ. ನಿಮ್ಮ ಡಬ್ಬಿ ಅಷ್ಟು ತಡೆಯಲ್ಲ."

"ಅದು ನಿನಗೆ ಈಗ ಗೊತ್ತಾಯ್ತಾ?" ಎಂದು ದೋನಾ ಇರಾಸಿ ಕೇಳಿದಳು.

"ನಿನ್ನೇನೇ ಗೊತ್ತಿತ್ತು. ಇಲ್ಲೇ ಕೂತಿದ್ದಾಗ."

ಅವಳು ಫ್ರೀಜರಿನ ಮುಚ್ಚಳ ತೆಗೆದು, ದುದುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ, ಗಟ್ಟಿ ಇದ್ದದ್ದನ್ನು ಬಿಯುವಿನ ಕೈಗೆ ಕೊಡತೊಡಗಿದಳು. ಅವನು ಫ್ರಿಜ್ಜಿನ ಮೇಲಿನ ಐಸಿನ ಖಾನೆಯಲ್ಲಿಟ್ಟ. ಮೆತ್ತಗಾದದ್ದನ್ನು ಬಕೆಟ್ಟಿಗೆ ಹಾಕಿದಳು. ಬಕೆಟ್ಟು ಬೇಗ ತುಂಬುತ್ತಿತ್ತು.

"ಮಿಕ್ಸರ್ ಮಾರಿ ಹೊಸ ಡಬ್ಬಿ ತರ್ತೀನಿ," ಎಂದ ವಾಲ್ಮಿರ್.

"ಅದು ಆಮೇಲೆ. ಮೇಲೆ ಎಲ್ಲ ಊಟಕ್ಕೆ ಕೂತಿದ್ದಾರೆ. ಹೋಗಿ ಅಲ್ಲಿ ಹೇಳು. ಇವನ ಹೆಂಡತಿ ಆಗಿನಿಂದ ಬಾಯಿ ಮುಚ್ಕೊಂಡು ಎಲ್ಲರ ಬೈಗುಳ ಕೇಳಿಸ್ಕೊಂಡಿದ್ದಾಳೆ."

ಬಿಯು ಕೈ ಚಾಚಿ ಮುಂದಿನ ದುದುಗೆ ಕಾಯುತ್ತಿದ್ದ.

ಮೇಲೆ ಓಣಿಯಲ್ಲಿ ರೇಡಿಯೋ ಹಾಡುತ್ತಿತ್ತು. ಬೀನ್ಸು, ಒಣಮಾಂಸ, ಬೇಯಿಸಿದ ಮರಗೆಣಸು ಬಡಿಸಿದ್ದರು. ವಾಲ್ಮಿರ್ ರೇಡಿಯೋ ಆರಿಸಿದಾಗ ಎಲ್ಲರೂ ತಲೆ ಎತ್ತಿದರು.

"ಬಿಯು ಜಾಸ್ತಿ ತುಂಬಿಲ್ಲ," ಎಂದ. "ಡಬ್ಬಿ ಸುಟ್ಟಿದ್ದು ನಾನು."

ದೆದೆ ಬಾಯಲ್ಲಿದ್ದ ತುತ್ತು ನುಂಗಿ ನಕ್ಕ. "ನೋಡ್ರಪ್ಪಾ, ತಂಗಿ ಗಂಡನ್ನ ಉಳಿಸೋಕೆ ಬಂದ."

"ದೊಡ್ಡ ಮನಸ್ಸು," ಎಂದ ಸೆವ್ ಅಮಾರೊ. "ಆದ್ರೆ ನಮಗೆ ಕಣ್ಣಿಲ್ವಾ? ಡಬ್ಬ ಯಾರ ಕೈಲಿತ್ತು ಅಂತ ನೋಡಿಲ್ವಾ? ಕೂತ್ಕೋ ಪಾಲಿಸ್ತ. ಜೊಸೆಲ್ಮಾ, ಅಣ್ಣಂಗೆ ಬಡಿಸಮ್ಮಾ."

"ನಿಜ ಹೇಳ್ತಿದೀನಿ. ತುಂಬಿದ್ದಾಗ ಶುರು ಮಾಡಬಾರದು. ನಾನು ಮಾಡಿದೆ."

"ನೀನು ಓದಿ ಕಲಿತೋನು, ಗೊತ್ತಿದ್ದೂ ಹಂಗೆ ಮಾಡ್ತೀಯಾ?" ಎಂದ ದೆದೆ. "ಅಷ್ಟು ವರ್ಷ ಅಲ್ಲಿ ಅದೇ ಕೆಲಸ ಮಾಡಿದೋನು."

ಜೊಸೆಲ್ಮಾ ಸೌಟು ಹಿಡಿದು ನಿಂತಿದ್ದಳು. ಗಂಡನ ಮೇಲಿನ ಮಾತಿಗೆ ಇಷ್ಟು ಹೊತ್ತು ಬಾಡಿದ್ದ ಅವಳ ಮುಖದಲ್ಲಿ ಈಗ ಒಂದು ಸಣ್ಣ ಕಳೆ ಬಂದಿತ್ತು. ಗಂಡ ಕೆಟ್ಟರೂ ಅಣ್ಣ ಮರ್ಯಾದೆ ಉಳಿಸಿದ ಎಂಬ ಕಳೆ. ವಾಲ್ಮಿರ್ ಅದನ್ನು ನೋಡಿದ. ಸುಮ್ಮನೆ ಕೂತುಬಿಟ್ಟರೆ ಆಯಿತು. ಹೇಳಿಯೂ ಆಗಿತ್ತು, ಯಾರೂ ನಂಬದಿದ್ದರೆ ತಾನೇನು ಮಾಡಲು ಸಾಧ್ಯ ಎನ್ನಬಹುದಿತ್ತು. ಹಲಗೆಯ ಮೇಲೆ ಅವನಿಗೆಂದು ಜಾಗವನ್ನೂ ಬಿಟ್ಟಿದ್ದರು.

"ನಾನು ಕರೆಂಟಿನ ಕೆಲಸದಲ್ಲಿ ಇರ್ಲಿಲ್ಲ," ಎಂದ.

"ಏನು?"

"ಅಪಾರ್ಟ್‌ಮೆಂಟಿನ ಗೇಟಲ್ಲಿ ಕೂತಿದ್ದೆ. ಗೇಟು ತೆಗೀತಿದ್ದೆ. ಕರೆಂಟಿನ ಕೆಲಸ ನನಗೆ ಬರಲ್ಲ. ಮಿಕ್ಸರ್ ಮಾರಿದೋನು ಹೇಳಿದ ಎರಡು ಮಾತು, ಅಷ್ಟೇ ನನಗೆ ಗೊತ್ತಿದ್ದಿದ್ದು. ಅದರಲ್ಲಿ ಒಂದನ್ನ ಮುಚ್ಚಿಟ್ಟೆ. ಸೆವ್ ಅಮಾರೊಗೆ ನನ್ನ ಲೆಕ್ಕ ಕೇಳಿಸ್ಲಿ ಅಂತ ಮಿಕ್ಸರ್ ಆರಿಸಿದೆ."

ಈಗ ನಂಬಿದರು. ಹೇಗೆ ಗೊತ್ತಾಯಿತೆಂದರೆ, ಯಾರೂ ಅವನ ಮುಖ ನೋಡಲಿಲ್ಲ. ಸೆವ್ ಅಮಾರೊ ತನ್ನ ತಟ್ಟೆಯಲ್ಲಿದ್ದ ಮರಗೆಣಸನ್ನು ಚಮಚದಿಂದ ಸಣ್ಣಗೆ ಮಾಡತೊಡಗಿದ. ದೆದೆ ಕೈ ತೊಳೆಯಲು ಎದ್ದ, ಊಟ ಮುಗಿದಿರಲಿಲ್ಲ.

ಜೊಸೆಲ್ಮಾ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಎದುರುಮನೆಯವಳಿಗೆ ಹೇಳಿದೀನಿ," ಎಂದಳು ಮೆಲ್ಲಗೆ. "ಅಂಗಡಿಯವನಿಗೆ ಹೇಳಿದೀನಿ. ಅಪ್ಪ ಸಾಯೋವಾಗ ಅವನಿಗೂ ಹೇಳಿದೆ ಕಣೋ. ನಿನ್ನ ಮಗನ ಕೈಕೆಳಗೆ ಜನ ಇದ್ದಾರೆ ಅಂತ." ಒಳಗೆ ಹೋದಳು.

ವಾಲ್ಮಿರ್ ಕೂರಲಿಲ್ಲ. ಎಲ್ಲಿಗೆ ಹೋಗುವುದೆಂದೂ ಗೊತ್ತಾಗಲಿಲ್ಲ. ಮಿಕ್ಸರಿನ ಹತ್ತಿರ ಹೋಗಿ ನಿಂತ. ಡ್ರಮ್ಮಿನ ತಳದಲ್ಲಿ ಅಂಟಿದ್ದ ಕಾಂಕ್ರೀಟು ಗಟ್ಟಿಯಾಗುತ್ತಿತ್ತು. ಉಳಿ, ಸುತ್ತಿಗೆ ತೆಗೆದುಕೊಂಡು ಒಡೆಯತೊಡಗಿದ. ಇದನ್ನು ಮಾರಬೇಕಾದರೆ ಒಳಗೆ ಚೊಕ್ಕಟ ಇರಬೇಕು. ಆ ಕೆಲಸಕ್ಕಾದರೂ ತಲೆ ಬಗ್ಗಿಸಿ ಇರಬಹುದಿತ್ತು.

ಬಿಯು ಕೆಳಗಿಂದ ಮೆಟ್ಟಿಲು ಹತ್ತಿ ಬಂದಾಗ ಹಲಗೆಯ ಮೇಲಿದ್ದವರು ಸರಿದು ಜಾಗ ಮಾಡಿದರು. "ಬಾರೋ ಬಿಯು, ಕೂತ್ಕೋ," ಎಂದ ದೆದೆ. "ನಿನ್ನನ್ನ ಸುಮ್ಮನೆ ಬೈದುಬಿಟ್ವಿ." ಗೇಟಿನ ವಿಷಯವನ್ನೂ ಅವನ ಕಿವಿಗೆ ಹಾಕಿದ. ಯಾರೋ ಬಿಯರು ಕೊಟ್ಟರು, ಬೆಚ್ಚಗಾಗಿತ್ತು. ಎಷ್ಟು ಉಳಿಯಿತೆಂದು ಯಾರೋ ಕೇಳಿದಾಗ, ಅರ್ಧಕ್ಕಿಂತ ಕಡಿಮೆ ಎಂದ. ಕರಗಿದ್ದನ್ನು ಅವಳು ಬೀದಿಯ ಮಕ್ಕಳಿಗೆ ಹಂಚುತ್ತಿದ್ದಾಳೆ ಎಂದ. ಎರಡು ತುತ್ತು ತಿಂದ ಮೇಲೆ ದೆದೆಯ ಬೋಳುತಲೆಯ ಬಗ್ಗೆ ಏನೋ ಹೇಳಿದ. ಎಲ್ಲರೂ ಬೇಕಾದದ್ದಕ್ಕಿಂತ ಜೋರಾಗಿ ನಕ್ಕರು. ಆಮೇಲೆ ಸೆವ್ ಅಮಾರೊನ ಇಸ್ತ್ರಿ ಅಂಗಿಯ ಬಗ್ಗೆ ಹೇಳಿದ. ತನ್ನ ಬಗ್ಗೆಯೂ ಹೇಳಿಕೊಂಡ.

ವಾಲ್ಮಿರ್ ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟ. ಗೇಟಿನ ಬಗ್ಗೆ ಒಂದು ಮಾತು, ಗಾಜಿನ ಗೂಡಿನ ಬಗ್ಗೆ, ಲೆಕ್ಕದ ಬಗ್ಗೆ ಏನಾದರೊಂದು ಬರುತ್ತದೇನೋ ಎಂದು. ಬಿಯು ಯಾರನ್ನೂ ಬಿಟ್ಟವನಲ್ಲ. ಗೇಲಿ ಮಾಡಿದ್ದರೆ ಹೋಗಿ ಅವನ ಪಕ್ಕ ಕೂರಬಹುದಿತ್ತು.

ಸ್ವಲ್ಪ ಹೊತ್ತಾದ ಮೇಲೆ ಬಿಯು ಎದ್ದು ಬಂದು, ತುಂಬಿದ ತಟ್ಟೆಯೊಂದನ್ನು ಸ್ಟೂಲಿನ ಮೇಲಿಟ್ಟ.

"ವಾಲ್ಮಿರ್, ಊಟ ಮಾಡಿ," ಎಂದ. ಬಹುವಚನದಲ್ಲಿ, ಹೊಸಬರನ್ನು ಮಾತಾಡಿಸುವ ಹಾಗೆ. ಹಿಂದಿರುಗಿ ಹಲಗೆಯ ಕಡೆಗೆ ಹೋದ.